ಐಸ್‌ಲ್ಯಾಂಡಿನ ಗ್ಲೌಂಬೈರ್: ಹುಲ್ಲುಹೆಂಟೆಯ ಮನೆಯೊಳಗೆ ಎರಡು ಗಂಟೆ

ಹೇಮಾವತಿ ತೀರದವಳು

ಐಸ್‌ಲ್ಯಾಂಡಿಗೆ ಹೋಗುವವರೆಲ್ಲ ಜಲಪಾತ, ಹಿಮನದಿ, ಬಿಸಿನೀರ ಬುಗ್ಗೆ ಅಂತ ಪಟ್ಟಿ ಮಾಡಿಕೊಂಡು ಹೋಗುತ್ತಾರೆ. ನಾವೂ ಹಾಗೇ ಹೋದೆವು. ಆದರೆ ವಾಪಸ್ ಬಂದು ಮೂರು ವಾರ ಆದ ಮೇಲೂ ನನ್ನ ತಲೆಯಲ್ಲಿ ಉಳಿದಿರುವುದು ಒಂದು ಮನೆ. ಅದರ ಬಗ್ಗೆ ಕನ್ನಡದಲ್ಲಿ ಬರೆಯಬೇಕು ಅನ್ನಿಸಿತು.

ಮನೆಯ ಹೆಸರು ಗ್ಲೌಂಬೈರ್. ದೇಶದ ಉತ್ತರದ ಸ್ಕಾಗಾಫ್ಯೋರ್ದುರ್ ಎಂಬ ಕಡೆ ಇದೆ. ಹೊರಗಿನಿಂದ ನೋಡಿದರೆ ಹಸಿರು ದಿಬ್ಬಗಳಿಗೆ ಯಾರೋ ಬಾಗಿಲು ಕಿಟಕಿ ಇಟ್ಟ ಹಾಗೆ ಕಾಣುತ್ತದೆ. ಮುಂದುಗಡೆ ಮಾತ್ರ ಮರದ ಹಲಗೆ. ಉಳಿದ ಗೋಡೆ, ಮಾಡು ಎಲ್ಲ ಹುಲ್ಲಿನ ಬೇರು ಸಮೇತ ಕತ್ತರಿಸಿದ ಮಣ್ಣಿನ ಹೆಂಟೆ. ಮಾಡಿನ ಮೇಲೆ ಹುಲ್ಲು ಇನ್ನೂ ಬೆಳೆಯುತ್ತಿದೆ.

ಒಟ್ಟು 13 ಸಣ್ಣ ಸಣ್ಣ ಕಟ್ಟಡ. ಅದರಲ್ಲಿ 9 ಒಂದೇ ಓಣಿಗೆ ಸೇರಿಕೊಂಡಿವೆ. ಆ ಓಣಿಯೊಳಗೆ ಕಾಲಿಟ್ಟ ಕೂಡಲೇ ಹೊರಗಿನ ಗಾಳಿಯ ಸದ್ದು ನಿಂತುಹೋಯಿತು. ಅಷ್ಟು ದಪ್ಪ ಗೋಡೆ. ಕತ್ತಲು, ಒದ್ದೆ ಮಣ್ಣಿನ ವಾಸನೆ, ಅದರ ಜೊತೆ ಹಳೆಯ ಹೊಗೆಯ ವಾಸನೆ. ಸಕಲೇಶಪುರದ ಕಡೆ ನಮ್ಮ ಅಜ್ಜಿ ಮನೆಯ ಬಚ್ಚಲೊಲೆ ಪಕ್ಕ ಇದ್ದ ವಾಸನೆಯೇ ಅದು. ನಾನು ಅಲ್ಲೇ ನಿಂತುಬಿಟ್ಟೆ. ಹಿಂದೆ ಬರುತ್ತಿದ್ದ ಗಂಡ ನನಗೆ ಡಿಕ್ಕಿ ಹೊಡೆದರು.

ಓಣಿಯ ಪಕ್ಕದಲ್ಲಿ ಅಡುಗೆಮನೆ. ಮನೆಯ ಅತಿ ಹಳೆಯ ಭಾಗಗಳಲ್ಲಿ ಅದೂ ಒಂದು, 18ನೇ ಶತಮಾನದ ಮಧ್ಯದ್ದು. ಕಲ್ಲಿನ ತೆರೆದ ಒಲೆ, ಮೇಲೆ ಹೊಗೆ ಹೋಗಲು ಕಿಂಡಿ, ಮಾಡಿನ ಕೆಳಗೆ ಮಾಂಸ ತೂಗುಹಾಕುವ ಜಾಗ. ಉರುವಲು ಏನು ಗೊತ್ತಾ? ಕುರಿ ಗೊಬ್ಬರ. ಚಳಿಗಾಲವಿಡೀ ಕೊಟ್ಟಿಗೆಯಲ್ಲಿ ಕುರಿಗಳು ತುಳಿದು ಗಟ್ಟಿ ಮಾಡಿದ ಗೊಬ್ಬರವನ್ನು ವಸಂತದಲ್ಲಿ ಸನಿಕೆಯಿಂದ ಹಲಗೆ ಹಲಗೆಯಾಗಿ ಕತ್ತರಿಸಿ ಬಿಸಿಲಿಗೆ ಒಣಗಿಸುತ್ತಿದ್ದರು. ನಮ್ಮ ಬೆರಣಿಯ ತಂಗಿ. ಇವತ್ತಿಗೂ ಅಲ್ಲಿನ ಕುರಿಮಾಂಸಕ್ಕೆ ಆ ಗೊಬ್ಬರದ ಹೊಗೆ ಕೊಡುವುದುಂಟು.

ಓಣಿಯ ಕೊನೆಗೆ, ಬಾಗಿಲಿಂದ ಅತಿ ದೂರದಲ್ಲಿ, ಬಾಥ್‌ಸ್ತೋವಾ. ಈಗಿರುವುದು 1876ರಲ್ಲಿ ಕಟ್ಟಿದ್ದು. ಇಡೀ ಮನೆಮಂದಿ ಮಲಗಿದ್ದು, ಉಂಡದ್ದು, ನೂತದ್ದು, ಹೆತ್ತದ್ದು, ಸತ್ತದ್ದು ಇದೇ ಕೋಣೆಯಲ್ಲಿ. ಎರಡೂ ಗೋಡೆಗೆ ಸಾಲಾಗಿ ಮರದ ಮಂಚಗಳು, ಒಟ್ಟು 11. ಒಂದೊಂದರಲ್ಲಿ ಇಬ್ಬರು. ಅಂದರೆ 22 ಜನ! ಒಂದು ತುದಿಯಲ್ಲಿ ಪಾದ್ರಿ ದಂಪತಿಯ ಕೋಣೆ. ಇದು ಊರಿನ ಚರ್ಚಿನ ಪಾದ್ರಿಯ ಮನೆ, ಬಡವರ ಗುಡಿಸಲಲ್ಲ. ಕಿಟಕಿ ಕಡೆಯ ಮಂಚ ಹೆಂಗಸರದ್ದು, ಯಾಕೆಂದರೆ ಹೊಲಿಗೆ, ಹೆಣಿಗೆಗೆ ಬೆಳಕು ಬೇಕು. ಕತ್ತಲ ಕಡೆ ಗಂಡಸರು.

ಆ ಕೋಣೆಯಲ್ಲಿ ಒಲೆ ಎಲ್ಲಿ ಅಂತ ಹುಡುಕಿದೆ. ಇಲ್ಲ! ಒಬ್ಬರ ಮೈ ಶಾಖ ಇನ್ನೊಬ್ಬರಿಗೆ, ಅಷ್ಟೇ. ಬಾಥ್‌ಸ್ತೋವಾ ಅಂದರೆ ಮೂಲದಲ್ಲಿ ಸ್ನಾನದ ಕೋಣೆ. ಜನ ಬಂದು ನೆಲೆಸಿದ ಕಾಲದಲ್ಲಿ, ಅಂದರೆ 9ನೇ ಶತಮಾನದ ಕೊನೆಯಲ್ಲಿ, ಆ ದೇಶದಲ್ಲಿ ಬರ್ಚ್ ಮರದ ಕಾಡು ಸಾಕಷ್ಟಿತ್ತು. ಬೆಚ್ಚಗಿನ ಸ್ನಾನದ ಮನೆ ಇಟ್ಟುಕೊಳ್ಳಲು ಸೌದೆ ಇತ್ತು. ಕಾಡು ಕಡಿದರು, ಕುರಿ ಮೇಯಿಸಿದರು, ಮರ ಮತ್ತೆ ಮೇಲೆ ಏಳಲಿಲ್ಲ. ಸೌದೆ ಮುಗಿಯುತ್ತ ಬಂದ ಹಾಗೆ ಎಲ್ಲರೂ ಬೆಚ್ಚಗಿನ ಒಂದೇ ಕೋಣೆಗೆ ಸೇರಿಕೊಂಡರು. ಕೊನೆಗೆ ಬೆಂಕಿ ಹೋಯಿತು, ಹೆಸರು ಉಳಿಯಿತು ಅಂತ ವಿವರಿಸುತ್ತಾರೆ.

1947ರವರೆಗೂ ಅಲ್ಲಿ ಜನ ವಾಸ ಇದ್ದರು. 1952ರಲ್ಲಿ ಮ್ಯೂಸಿಯಂ ಆಯಿತು. ಅಷ್ಟರಲ್ಲಿ ಅದು ಬಿದ್ದೇ ಹೋಗಬೇಕಿತ್ತು. 1938ರಲ್ಲಿ ಮಾರ್ಕ್ ವಾಟ್ಸನ್ ಎಂಬ ಇಂಗ್ಲಿಷಿನವರು ರಿಪೇರಿಗೆ ಅಂತ 200 ಪೌಂಡ್ ಕೊಟ್ಟರು. ಹೊರಗಿನವರೊಬ್ಬರಿಗೆ ಅದರ ಬೆಲೆ ಮೊದಲು ಕಂಡಿತು ಅನ್ನುವುದು ನನಗೆ ಸ್ವಲ್ಪ ನೋವಿನ ವಿಷಯ. ನಮ್ಮ ಅಜ್ಜಿ ಮನೆಯನ್ನು ಕೆಡವಿ ಆರ್‌ಸಿಸಿ ಹಾಕಿಸಿದಾಗ ನಾನೂ ಸುಮ್ನೆ ನೋಡುತ್ತ ನಿಂತಿದ್ದೆ.

ಹೋದವರು ಯಾರಾದರೂ ಇದ್ದೀರಾ?

ಪ್ರವಾಸಿ84

ಮೇಡಂ, ಓದಿ ತುಂಬ ಖುಷಿಯಾಯಿತು. ನಾವು ಸೆಪ್ಟೆಂಬರ್‌ನಲ್ಲಿ ಹೋಗುತ್ತಿದ್ದೇವೆ, ಅಪ್ಪ ಅಮ್ಮ ಜೊತೆಗಿದ್ದಾರೆ. ರೇಕ್ಯಾವಿಕ್‌ನಿಂದ ಎಷ್ಟು ದೂರ? ಅಮ್ಮನಿಗೆ ಮಂಡಿ ನೋವು, ಒಳಗೆ ಓಡಾಡಬಹುದಾ?

ಹೇಮಾವತಿ ತೀರದವಳು

ದೇಶ ಸುತ್ತುವ ಒಂದನೇ ನಂಬರ್ ರಸ್ತೆಯಲ್ಲಿ ವರ್ಮಾಹ್ಲಿದ್ ಅನ್ನುವ ಸಣ್ಣ ಊರು ಸಿಗುತ್ತದೆ, ರಾಜಧಾನಿಯಿಂದ ಸುಮಾರು 290 ಕಿ.ಮೀ. ಅಲ್ಲಿಂದ 75ನೇ ನಂಬರ್ ರಸ್ತೆಗೆ ತಿರುಗಿ ಉತ್ತರಕ್ಕೆ ಹತ್ತು ನಿಮಿಷ. ಒಂದೇ ದಿನದಲ್ಲಿ ಹೋಗಿ ಬರುವ ಜಾಗ ಅಲ್ಲ. ಅಕುರೇರಿಗೆ ಹೋಗುವ ದಾರಿಯಲ್ಲಿ ಇಳಿಯಿರಿ.

ಒಳಗೆ ಮೆಟ್ಟಿಲು ಕಡಿಮೆ. ಆದರೆ ನೆಲ ಸಮ ಇಲ್ಲ, ಬಾಗಿಲು ತಗ್ಗು, ಬೆಳಕು ಕಮ್ಮಿ. ಅಮ್ಮನ ಕೈ ಹಿಡಿದುಕೊಂಡು ನಿಧಾನಕ್ಕೆ ಹೋದರೆ ಸಾಕು. ತಗ್ಗು ಬಾಗಿಲಿಗೆ ತಲೆ ಬಗ್ಗಿಸಲು ಅಪ್ಪನಿಗೆ ಹೇಳಿ. ಬೇಸಿಗೆ ಮುಗಿದ ಮೇಲೆ ತೆರೆಯುವ ಹೊತ್ತು ಬದಲಾಗುತ್ತದೆ, ಹೊರಡುವ ಮೊದಲು ನೋಡಿಕೊಳ್ಳಿ.

ಹತ್ತಿರದಲ್ಲೇ ವಿದಿಮಿರಿ ಅಂತ ಒಂದು ಚರ್ಚ್ ಇದೆ. 1834ರದ್ದು, ಅದಕ್ಕೂ ಹುಲ್ಲುಹೆಂಟೆಯ ಗೋಡೆ. ಅದನ್ನು ಬಿಡಬೇಡಿ.

ಡಾಕ್ಟರಮ್ಮ

ಬರಹ ಚೆನ್ನಾಗಿದೆ. ಆದರೆ ಒಂದು ಮಾತು ಹೇಳದೆ ಇರಲಾರೆ. ಇಂಥ ಮನೆಗಳನ್ನು ಮ್ಯೂಸಿಯಂ ಆಗಿ ನೋಡುವಾಗ ಬೆಚ್ಚಗೆ, ಚಂದ ಅನ್ನಿಸುತ್ತದೆ. ಒಳಗಿದ್ದವರ ಗತಿ ನೋಡಿ. 22 ಜನ, ಒಂದೇ ಕೋಣೆ, ಒದ್ದೆ ಗೋಡೆ, ಗಾಳಿಯಿಲ್ಲ. ಒಬ್ಬರಿಗೆ ಕ್ಷಯ ಬಂದರೆ ಪಕ್ಕದ ಮಂಚಕ್ಕೆ ಹರಡಲು ಎಷ್ಟು ಹೊತ್ತು? 20ನೇ ಶತಮಾನದ ಮೊದಲ ಭಾಗದಲ್ಲಿ ಐಸ್‌ಲ್ಯಾಂಡಿನಲ್ಲಿ ಕ್ಷಯ ದೊಡ್ಡ ಪಿಡುಗಾಗಿತ್ತು.

ಇನ್ನೊಂದು ಕಾಯಿಲೆ ಇತ್ತು, ನಾಯಿಯಿಂದ ಬರುವ ಹುಳದ ಗಡ್ಡೆ. ಕುರಿ ಕಡಿದಾಗ ಒಳಗಿನ ಅಂಗಗಳನ್ನು ನಾಯಿಗೆ ಹಾಕುತ್ತಿದ್ದರು. ನಾಯಿ ಮನೆಯೊಳಗೇ ಇರುತ್ತಿತ್ತು. ಮನುಷ್ಯರ ಯಕೃತ್ತಿನಲ್ಲಿ ನೀರುಗಡ್ಡೆ ಬೆಳೆಯುತ್ತಿತ್ತು. 19ನೇ ಶತಮಾನದಲ್ಲಿ ಈ ರೋಗ ಅಲ್ಲಿ ಇದ್ದಷ್ಟು ಬೇರೆ ಕಡೆ ಕಾಣುವುದು ಅಪರೂಪ. ಹಳೆಯದು ಅಂದ ಮಾತ್ರಕ್ಕೆ ಒಳ್ಳೆಯದಲ್ಲ ಅಲ್ವಾ? ನಮ್ಮ ಹಳ್ಳಿಗಳ ಹೊಗೆ ತುಂಬಿದ ಅಡುಗೆಮನೆಯಲ್ಲಿ ಕೆಮ್ಮುತ್ತಿದ್ದ ಹೆಂಗಸರನ್ನು ನೋಡಿ ಬೆಳೆದವಳು ನಾನು. ಅದು ಹೋಗಿದ್ದಕ್ಕೆ ನನಗೆ ಬೇಸರ ಇಲ್ಲ.

ಹೇಮಾವತಿ ತೀರದವಳು

ಡಾಕ್ಟರಮ್ಮ, ನೀವು ಹೇಳಿದ್ದು ಪೂರ್ತಿ ಸರಿ. ನಾನು ಅದನ್ನು ಮೊದಲೇ ಬರೆಯಬೇಕಿತ್ತು. ಇನ್ನೊಂದು ಕಷ್ಟವನ್ನೂ ಸೇರಿಸುತ್ತೇನೆ. ಆ 22 ಜನರಲ್ಲಿ ಮನೆಯವರು ಕೆಲವರೇ. ಉಳಿದವರು ಕೂಲಿಯವರು. ಸ್ವಂತ ಜಮೀನು ಇಲ್ಲದವರು ಯಾವುದಾದರೂ ರೈತನ ಮನೆಯಲ್ಲಿ ವರ್ಷದ ಕರಾರಿಗೆ ಇರಲೇಬೇಕು ಅಂತ ಕಾನೂನಿತ್ತು. ಮೇ ತಿಂಗಳಲ್ಲಿ ಒಂದು ಮನೆ ಬಿಟ್ಟರೆ ಆಗಲೇ ಇನ್ನೊಂದು ಮನೆ ಸೇರಬೇಕು. ಆ ಕಾನೂನು ಸಡಿಲವಾಗಿದ್ದು 19ನೇ ಶತಮಾನದ ಕೊನೆಗೆ. ಅಲ್ಲಿಯವರೆಗೆ ಒಬ್ಬ ಆಳಿನ ಪಾಲಿಗೆ ಮನೆ ಅಂದರೆ ಅರ್ಧ ಮಂಚ, ಒಂದು ಪೆಟ್ಟಿಗೆ, ಒಂದು ಅಸ್ಕುರ್.

ಅಸ್ಕುರ್ ಅಂದರೆ ಮುಚ್ಚಳ ಇರುವ ಮರದ ಊಟದ ಪಾತ್ರೆ. ಒಬ್ಬೊಬ್ಬರಿಗೂ ಅವರವರದು. ಮಂಚದ ಮೇಲೆ ಕೂತು ತೊಡೆಯ ಮೇಲಿಟ್ಟುಕೊಂಡು ಉಣ್ಣುವುದು. ಮುಚ್ಚಳದ ಮೇಲೆ ಎಂಥ ಕೆತ್ತನೆ! ಮಂಚದಿಂದ ಹೊದಿಕೆ ಜಾರದಂತೆ ತಡೆಯುವ ಹಲಗೆಯ ಮೇಲೂ ಕೆತ್ತನೆ, ದೇವರ ಸ್ತುತಿಯ ಸಾಲುಗಳು. ಅರ್ಧ ಮಂಚವಷ್ಟೇ ತನ್ನದು ಅನ್ನುವವರು ಆ ಹಲಗೆಯನ್ನು ಅಷ್ಟು ಚಂದ ಮಾಡಿಕೊಂಡಿದ್ದನ್ನು ನೋಡಿ ನನಗೆ ಗಂಟಲು ಕಟ್ಟಿತು.

ಸಂಜೆ ಹೊತ್ತಿನ ವಿಷಯ ಹೇಳಲೇಬೇಕು. ಚಳಿಗಾಲದಲ್ಲಿ ಹಗಲು ಕೆಲವೇ ಗಂಟೆ. ಸಂಜೆ ದೀಪ ಹಚ್ಚಿ ಎಲ್ಲರೂ ಉಣ್ಣೆ ಕೆಲಸಕ್ಕೆ ಕೂರುತ್ತಿದ್ದರು. ಹಿಂಜುವವರು, ನೂಲುವವರು, ಹೆಣೆಯುವವರು. ಗಂಡಸರೂ ಹೆಣೆಯುತ್ತಿದ್ದರು. ಒಬ್ಬರು ಮಾತ್ರ ಕೆಲಸ ಮಾಡದೆ ಎಲ್ಲರಿಗೂ ಕೇಳುವಂತೆ ಓದುವುದು. ಹಳೆಯ ವೀರರ ಕಥೆ, ಹಾಡುಗಬ್ಬ, ಕೊನೆಗೆ ಪ್ರಾರ್ಥನೆ. ಇದಕ್ಕೆ ಕ್ವೋಲ್ದ್‌ವಾಕಾ ಅನ್ನುತ್ತಾರೆ, ಸಂಜೆಯ ಜಾಗರಣೆ ಅಂತ. ಮಕ್ಕಳು ಓದು ಕಲಿತದ್ದೂ ಅಲ್ಲೇ. ಶಾಲೆ ಇರಲಿಲ್ಲ. ಮನೆಯವರು ಕಲಿಸಬೇಕು, ಪಾದ್ರಿ ಬಂದು ಪರೀಕ್ಷೆ ಮಾಡಬೇಕು. 18ನೇ ಶತಮಾನದ ಕೊನೆಯ ಹೊತ್ತಿಗೆ ಆ ಬಡ ದೇಶದಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಓದಲು ಬರುತ್ತಿತ್ತು. ಗಮಕ ವಾಚನ ಕೇಳುತ್ತ ಬೆಳೆದ ಹಳ್ಳಿಗಳವರಿಗೆ ಇದು ಹೇಗಿರುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಡಾಕ್ಟರಮ್ಮ

ಈ ಓದಿನ ವಿಷಯ ನನಗೂ ಉಪಯೋಗಕ್ಕೆ ಬಂತು. ಆ ಹುಳದ ಕಾಯಿಲೆ ಇಳಿಯಲು ಶುರುವಾಗಿದ್ದು ಓದಿನಿಂದಲೇ! ಹಾರಾಲ್ಡ್ ಕ್ರಾಬೆ ಎಂಬ ಡ್ಯಾನಿಶ್ ವಿಜ್ಞಾನಿ 1864ರಲ್ಲಿ ಒಂದು ಸಣ್ಣ ಪುಸ್ತಿಕೆ ಬರೆದರು. ನಾಯಿಗೆ ಹಸಿ ಅಂಗ ಹಾಕಬೇಡಿ, ಸುಡಿ ಅಥವಾ ಹೂಳಿ, ಕೈ ತೊಳೆಯಿರಿ ಅಂತ. ಅದನ್ನು ಮನೆಮನೆಗೆ ಪುಕ್ಕಟೆ ಹಂಚಿದರು. ಜನ ಓದಿದರು, ಪಾಲಿಸಿದರು. ಮುಂದಿನ ತಲೆಮಾರಿನಲ್ಲಿ ರೋಗ ತೀರಾ ಇಳಿಯಿತು. ಸಾರ್ವಜನಿಕ ಆರೋಗ್ಯದಲ್ಲಿ ಇದು ಬಹಳ ಒಳ್ಳೆಯ ಉದಾಹರಣೆ. ಅದೇ ಕತ್ತಲೆ ಕೋಣೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಿರಬೇಕು, ಉಳಿದವರು ಹೆಣೆಯುತ್ತ ಕೇಳಿರಬೇಕು ಅಂತ ಈಗ ಕಣ್ಣಿಗೆ ಕಟ್ಟುತ್ತಿದೆ. ಧನ್ಯವಾದ.

ವಿನ್ನಿಪೆಗ್ ಕನ್ನಡಿಗ

ನಾನು ಇರುವುದು ಕೆನಡಾದ ವಿನ್ನಿಪೆಗ್‌ನಲ್ಲಿ. ಇಲ್ಲಿಂದ ಉತ್ತರಕ್ಕೆ ಒಂದು ಗಂಟೆ ಹೋದರೆ ದೊಡ್ಡ ಸರೋವರದ ದಂಡೆಯಲ್ಲಿ ಗಿಮ್ಲಿ ಅಂತ ಊರಿದೆ. 1875ರಲ್ಲಿ ಐಸ್‌ಲ್ಯಾಂಡಿನಿಂದ ಬಂದವರು ಕಟ್ಟಿದ್ದು. ಆ ವರ್ಷವೇ ಐಸ್‌ಲ್ಯಾಂಡಿನಲ್ಲಿ ಆಸ್ಕ್ಯಾ ಜ್ವಾಲಾಮುಖಿ ಸಿಡಿದು ಹುಲ್ಲುಗಾವಲಿನ ಮೇಲೆ ಬೂದಿ ಬಿದ್ದಿತ್ತು. ಬಂದ ಮರುವರ್ಷ ಇಲ್ಲಿ ಸಿಡುಬು. ಎಷ್ಟೋ ಮಕ್ಕಳು ಹೋದರು. ಈಗಲೂ ಆಗಸ್ಟ್‌ನಲ್ಲಿ ಅಲ್ಲಿ ಐಸ್‌ಲ್ಯಾಂಡಿನವರ ಹಬ್ಬ ನಡೆಯುತ್ತದೆ. ನಮ್ಮ ಕನ್ನಡ ಮನೆಗಳವರು ಮಕ್ಕಳನ್ನು ಕರೆದುಕೊಂಡು ಹೋಗುತ್ತೇವೆ.

ಕೆಲಸದಲ್ಲಿ ನನ್ನ ಜೊತೆಗಿದ್ದ ಒಬ್ಬ ಹಿರಿಯರ ಮುತ್ತಜ್ಜಿ ಸ್ಕಾಗಾಫ್ಯೋರ್ದುರ್‌ನವರು. ಅವರು ನಿವೃತ್ತರಾದ ಮೇಲೆ ಹೋಗಿ ಗ್ಲೌಂಬೈರ್ ನೋಡಿ ಬಂದರು. ಹತ್ತಿರದ ಹೋಫ್ಸೋಸ್ ಊರಲ್ಲಿ ವಲಸೆ ಹೋದವರದ್ದೇ ಒಂದು ಮ್ಯೂಸಿಯಂ ಇದೆ, ಅಲ್ಲಿ ಮುತ್ತಜ್ಜಿಯ ಹೆಸರು ಸಿಕ್ಕಿತಂತೆ. ವಾಪಸ್ ಬಂದು ನನಗೆ ಹೇಳಿದ್ದು ಒಂದೇ: ಅಷ್ಟು ಇಕ್ಕಟ್ಟಿನ ಕೋಣೆಯಿಂದ ಬಂದವರಿಗೆ ಈ ಬಯಲು ನೋಡಿ ಎಷ್ಟು ಭಯವಾಗಿರಬೇಡ ಅಂತ.

ಮೇಡಂ, ಗ್ಲೌಂಬೈರ್‌ನಲ್ಲಿ ತಾಯಿ ಮಗುವಿನ ವಿಗ್ರಹ ನೋಡಿದಿರಾ?

ಹೇಮಾವತಿ ತೀರದವಳು

ನೋಡಿದೆ ಅಣ್ಣ! ಗುದ್ರೀದುರ್ ಅನ್ನುವ ಹೆಂಗಸು, ಭುಜದ ಮೇಲೆ ಮಗ ಸ್ನೋರಿ. ಅಸ್ಮುಂದುರ್ ಸ್ವೇನ್ಸನ್ ಎಂಬ ಶಿಲ್ಪಿಯ ಕೆಲಸ. ಸಾವಿರ ವರ್ಷದ ಹಿಂದೆ ಅವಳು ಹಡಗಿನಲ್ಲಿ ಉತ್ತರ ಅಮೆರಿಕಕ್ಕೆ ಹೋಗಿ ಅಲ್ಲಿ ಈ ಮಗನನ್ನು ಹೆತ್ತಳು, ಕೊನೆಗೆ ಗ್ಲೌಂಬೈರ್‌ಗೆ ಬಂದು ನೆಲೆಸಿದಳು, ಮುದುಕಿಯಾದ ಮೇಲೆ ರೋಮ್‌ವರೆಗೂ ಯಾತ್ರೆ ಮಾಡಿದಳು ಅಂತ ಅವರ ಹಳೆಯ ಕಥೆ ಹೇಳುತ್ತದೆ. 2001ರಲ್ಲಿ ಅಮೆರಿಕದ ಪುರಾತತ್ವದವರು ಮನೆಯ ಕೆಳಗಿನ ಹುಲ್ಲುಗದ್ದೆಯಲ್ಲಿ 11ನೇ ಶತಮಾನದ ಉದ್ದನೆ ಮನೆಯ ಗೋಡೆ ಪತ್ತೆ ಮಾಡಿದರು. ಮೇಲೆ ಏನೂ ಕಾಣುವುದಿಲ್ಲ, ಬರೀ ಹುಲ್ಲು. ಅದರ ಮೇಲೆ ನಿಂತು ಸುಮಾರು ಹೊತ್ತು ನೋಡಿದೆ.

ಮಣಿಪಾಲದ ಹಳಬ

ಒಂದು ಪ್ರಶ್ನೆ. ಈ ಗ್ಲೌಂಬೈರ್ ಮನೆಯನ್ನು ಬೇರೆ ಕಡೆಯಿಂದ ತಂದು ನಿಲ್ಲಿಸಿದ್ದಾ, ಇದ್ದಲ್ಲೇ ಇರುವುದಾ? ಸ್ಟಾಕ್‌ಹೋಮ್‌ನ ಸ್ಕಾನ್ಸೆನ್ ಎಂಬ ಬಯಲು ಮ್ಯೂಸಿಯಂ ನೋಡಿದ್ದೇನೆ. 1891ರಲ್ಲಿ ಆರ್ಟುರ್ ಹಜೇಲಿಯುಸ್ ಶುರು ಮಾಡಿದ್ದು. ಸ್ವೀಡನ್ನಿನ ಬೇರೆ ಬೇರೆ ಹಳ್ಳಿಯ ಮರದ ಮನೆಗಳನ್ನು ಬಿಚ್ಚಿ ತಂದು ಮತ್ತೆ ಜೋಡಿಸಿದ್ದಾರೆ. ನಮ್ಮ ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಮಾಡಿದ್ದೂ ಅದನ್ನೇ. ಕೆಡವಲು ಹೊರಟಿದ್ದ ಮನೆಗಳನ್ನು ಕಂಬ ಕಂಬ, ಹಲಗೆ ಹಲಗೆ ಗುರುತು ಹಾಕಿ ಬಿಚ್ಚಿಸಿ ಹಸ್ತಶಿಲ್ಪ ಹೆರಿಟೇಜ್ ವಿಲೇಜಿನಲ್ಲಿ ನಿಲ್ಲಿಸಿದರು. ಅಲ್ಲಿಗೆ ಹೋದಾಗಲೆಲ್ಲ ನನಗೆ ಅವರ ಮೇಲೆ ಕೈ ಮುಗಿಯುವಷ್ಟು ಗೌರವ ಬರುತ್ತದೆ.

ಹೇಮಾವತಿ ತೀರದವಳು

ಸರ್, ಇದ್ದಲ್ಲೇ ಇರುವುದು. ನಿಮ್ಮ ಪ್ರಶ್ನೆ ಓದಿದ ಮೇಲೆ ನನಗೆ ಹೊಳೆದದ್ದು ಇದು: ಅದನ್ನು ಬಿಚ್ಚಿ ತರಲು ಆಗುವುದೇ ಇಲ್ಲ. ಮರದ ಮನೆಯನ್ನು ಬಿಚ್ಚಿದರೆ ಕಂಬ, ತೊಲೆ ಕೈಯಲ್ಲಿ ಉಳಿಯುತ್ತದೆ. ಹುಲ್ಲುಹೆಂಟೆಯ ಗೋಡೆಯನ್ನು ಬಿಚ್ಚಿದರೆ ಉಳಿಯುವುದು ಒಂದು ಗುಡ್ಡೆ ಮಣ್ಣು.

ಅಷ್ಟೇ ಅಲ್ಲ, ಅದು ಇದ್ದಲ್ಲೇ ಇದ್ದರೂ ಸವೆಯುತ್ತದೆ. ಮಾಡಿನ ಇಳಿಜಾರು ತೀರಾ ಕಡಿಮೆ ಆದರೆ ನೀರು ಸೋರುತ್ತದೆ. ತೀರಾ ಜಾಸ್ತಿ ಆದರೆ ಬೇಸಿಗೆಯಲ್ಲಿ ಹುಲ್ಲು ಒಣಗಿ ಮಣ್ಣು ಬಿರಿಯುತ್ತದೆ, ಆ ಬಿರುಕಿನಲ್ಲಿ ಮುಂದಿನ ಮಳೆ ಇಳಿಯುತ್ತದೆ. ಒಂದು ಗೋಡೆ ಕುಸಿದರೆ ಆ ಗೋಡೆಯನ್ನು ಮತ್ತೆ ಕಟ್ಟಬೇಕು. ಜೌಗು ನೆಲದಲ್ಲಿ ಬೇರು ದಟ್ಟವಾಗಿರುವ, ಮರಳು ಕಡಿಮೆ ಇರುವ ಜಾಗ ಹುಡುಕಿ ಹೆಂಟೆ ಕತ್ತರಿಸಬೇಕು. ಗ್ಲೌಂಬೈರ್ ಸುತ್ತ ಕಟ್ಟಲು ಒಳ್ಳೆಯ ಕಲ್ಲು ಸಿಗುವುದಿಲ್ಲ. ಹಾಗಾಗಿ ಗೋಡೆಯಲ್ಲಿ ಕಲ್ಲು ಬಹಳ ಕಡಿಮೆ, ಎಲ್ಲ ಹೆಂಟೆಯದೇ ಕೆಲಸ. ಹೆಂಟೆಗಳನ್ನು ಓರೆಯಾಗಿ ಜೋಡಿಸಿ, ಮುಂದಿನ ಸಾಲನ್ನು ಎದುರು ದಿಕ್ಕಿಗೆ ಓರೆ ಮಾಡಿ, ನಡುವೆ ಉದ್ದನೆ ಪಟ್ಟಿ ಹಾಸಿ ಬಿಗಿಯುತ್ತಾರೆ. ಗೋಡೆ ನೋಡಿದರೆ ಮೀನಿನ ಮುಳ್ಳಿನ ಹಾಗೆ ಕಾಣುತ್ತದೆ. ಓಣಿಯಲ್ಲಿ ಒಂದು ಕಡೆ ಬೆಳಕು ಅಡ್ಡ ಬಿದ್ದು ಆ ಸಾಲುಗಳು ಕಂಡವು, ನಾನು ಬೆರಳಿಟ್ಟು ಮುಟ್ಟಿ ನೋಡಿದೆ. ಮುಟ್ಟಬಾರದಿತ್ತೇನೋ.

ಅಂದರೆ 18ನೇ ಶತಮಾನದ ಮನೆ ಇವತ್ತು ನಿಂತಿರುವುದು ಕಟ್ಟಲು ಬರುವವರು ಇದ್ದಾರೆ ಅನ್ನುವ ಕಾರಣಕ್ಕೆ. ಆ ಸೀಮೆಯಲ್ಲಿ ಹಳೆಯ ಕಸುಬುಗಳನ್ನು ಕಲಿಸುವ ಒಂದು ಶಾಲೆಯನ್ನೇ ಮಾಡಿದ್ದಾರೆ, ಫೋರ್ನ್‌ವೆರ್ಕಾಸ್ಕೋಲಿನ್ ಅಂತ. ಹೆಂಟೆ ಕತ್ತರಿಸುವುದು, ಗೋಡೆ ಕಟ್ಟುವುದು, ಹಳೆಯ ಮರಗೆಲಸ ಎಲ್ಲ ಕಲಿಸುತ್ತಾರೆ. ಈ ಬಗೆಯ ಮನೆ ಕಟ್ಟುವ ಪರಂಪರೆ 2011ರಿಂದ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಯಲ್ಲೂ ಇದೆ.

ಮಣಿಪಾಲದ ಮನೆಗಳಲ್ಲಿ ಮರ ಜಾಸ್ತಿ ಇತ್ತು, ತರಲು ಸಾಧ್ಯವಾಯಿತು. ನಮ್ಮ ಮಣ್ಣಿನ ಮನೆಗಳನ್ನು ಯಾರು, ಎಲ್ಲಿಗೆ ತರುತ್ತಾರೆ? ಕಟ್ಟುವವರು ಉಳಿಯದಿದ್ದರೆ ಆ ಮನೆ ಉಳಿಯುವ ದಾರಿಯೇ ಇಲ್ಲ.

ತುಂಗಭದ್ರಾ ಬಯಲು

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ, ಈಗ ಬರೆಯಲೇಬೇಕು. ನಮ್ಮದು ಕೊಪ್ಪಳದ ಕಡೆ ಹಳ್ಳಿ. ನಮ್ಮದು ಮಾಳಿಗೆ ಮನೆ. ಗೋಡೆ ಮಣ್ಣಿನದು, ಮಾಳಿಗೆಯೂ ಮಣ್ಣಿನದು. ನಡುವೆ ಬೆಳಕಿಂಡಿ. ಮನೆಯೊಳಗೇ ಒಂದು ಪಾಲು ದನಗಳಿಗೆ. ಮೇಡಂ ಬರೆದದ್ದು ಓದುವಾಗ ಎಲ್ಲ ನಮ್ಮನೆಯದೇ ಅನ್ನಿಸಿತು. ಅವರಿಗೆ ಚಳಿ ತಡೆಯಲು ದಪ್ಪ ಗೋಡೆ, ನಮಗೆ ಬಿಸಿಲು ತಡೆಯಲು ದಪ್ಪ ಗೋಡೆ. ಮೇ ತಿಂಗಳಲ್ಲಿ ಹೊರಗೆ ಕೆಂಡ, ಒಳಗೆ ತಂಪು.

ಆದರೆ ವರ್ಷ ವರ್ಷ ಮಳೆಗಾಲಕ್ಕೆ ಮೊದಲು ಮಾಳಿಗೆಗೆ ಸವಳು ಮಣ್ಣು ಹಾಕಬೇಕು. ಹಾಕದಿದ್ದರೆ ಸೋರುತ್ತದೆ. ಈಗ ಹಾಕಲು ಬರುವವರು ಊರಲ್ಲಿ ಇಬ್ಬರೋ ಮೂವರೋ, ಎಲ್ಲ ವಯಸ್ಸಾದವರು. ನಾನು ಬೆಂಗಳೂರಿನಲ್ಲಿ ಕೆಲಸಕ್ಕಿದ್ದೇನೆ. ಮೇಲೆ ತಗಡು ಹೊಡೆಸೋಣ ಅಂತ ಅಣ್ಣ ಹೇಳುತ್ತಿದ್ದಾನೆ. ಅವನ ಕಷ್ಟವೂ ನಿಜ, ಊರಲ್ಲಿ ಇರುವವನು ಅವನು.

ಅಲ್ಲಿ ಹೆಂಟೆ ಕೆಳಗೆ ಏನು ಹಾಕುತ್ತಾರೆ ಮೇಡಂ? ನೇರ ಮರದ ಮೇಲೇ ಮಣ್ಣಾ?

ಹೇಮಾವತಿ ತೀರದವಳು

ಇಲ್ಲ, ತಮ್ಮ. ನಡುವೆ ಬರ್ಚ್ ಗಿಡದ ಸಣ್ಣ ಸಣ್ಣ ರೆಂಬೆಗಳನ್ನು ಹಾಸುತ್ತಾರೆ. ಗಾಳಿಯಾಡುತ್ತದೆ, ಒದ್ದೆ ಮಣ್ಣು ಮರಕ್ಕೆ ತಾಗಿ ಕೊಳೆಯುವುದಿಲ್ಲ. ಮರ ಅಲ್ಲಿ ಚಿನ್ನ ಇದ್ದ ಹಾಗೆ. ಎಷ್ಟೋ ಮರ ಸೈಬೀರಿಯಾದ ನದಿಗಳಿಂದ ಸಮುದ್ರಕ್ಕೆ ಬಿದ್ದು ತೇಲಿಬಂದು ದಡ ಸೇರಿದ್ದು. ಅದನ್ನು ಕಾಪಾಡಿಕೊಳ್ಳಲೇಬೇಕು. ನಿಮ್ಮ ಕಡೆ ಏನು ಹಾಕುತ್ತೀರಿ?

ಪ್ರವಾಸಿ84

ಮಧ್ಯೆ ಬಂದೆ, ಕ್ಷಮಿಸಿ. ಅಲ್ಲಿ ಸಸ್ಯಾಹಾರಿಗಳಿಗೆ ತಿನ್ನಲು ಏನಾದರೂ?

ವಿನ್ನಿಪೆಗ್ ಕನ್ನಡಿಗ

ರೈ ಹಿಟ್ಟಿನ ಫ್ಲಾತ್‌ಕಾಕಾ ಕೇಳಿ. ಕಾದ ಹಂಚಿನ ಮೇಲೆ ಸುಟ್ಟ ರೊಟ್ಟಿ, ಅಲ್ಲಲ್ಲಿ ಕಪ್ಪು ಚುಕ್ಕೆ. ಬೆಣ್ಣೆ ಹಚ್ಚಿ ತಿನ್ನಬಹುದು. ಇಲ್ಲಿ ಗಿಮ್ಲಿಯಲ್ಲಿ ಹಬ್ಬದ ಹೊತ್ತಿನಲ್ಲಿ ತೆಳ್ಳನೆ ಪೊನ್ನುಕೋಕುರ್ ಮಾಡುತ್ತಾರೆ, ದೋಸೆಯಂತೆ ಮಡಚಿ ಒಳಗೆ ಸಕ್ಕರೆ. ಅದಕ್ಕೆ ಮೊಟ್ಟೆ ಹಾಕುತ್ತಾರೆ, ಕೇಳಿಕೊಳ್ಳಿ. ಅಪ್ಪ ಅಮ್ಮನಿಗೆ ಚಟ್ನಿಪುಡಿ ಒಯ್ಯಿರಿ.

ತುಂಗಭದ್ರಾ ಬಯಲು

ನಿನ್ನೆ ರಾತ್ರಿ ಅಪ್ಪನಿಗೆ ಫೋನ್ ಮಾಡಿ ಕೇಳಿದೆ. ಇಷ್ಟು ವರ್ಷ ಆ ಮಾಳಿಗೆಯ ಕೆಳಗೆ ಮಲಗಿದ್ದೇನೆ, ಒಮ್ಮೆಯೂ ಕೇಳಿರಲಿಲ್ಲ. ಅವರು ಹೇಳಿದ ಹಾಗೇ ಬರೆಯುತ್ತೇನೆ.

ಮೊದಲು ತೊಲೆ. ತೊಲೆ ಮೇಲೆ ಅಡ್ಡಕ್ಕೆ ಜಂತಿ, ಒಂದು ಮೊಳಕ್ಕೆ ಒಂದರಂತೆ. ಜಂತಿ ಮೇಲೆ ಕಟ್ಟಿಗೆಯ ಚಕ್ಕೆ ಒತ್ತೊತ್ತಾಗಿ. ಅದರ ಮೇಲೆ ಬೇವಿನ ಸೊಪ್ಪು. ಸೊಪ್ಪಿನ ಮೇಲೆ ಕಲಸಿದ ಕೆಸರು, ತುಳಿದು ತುಳಿದು ಹದ ಮಾಡಿದ್ದು. ಅದು ಒಣಗಿದ ಮೇಲೆ ಮಣ್ಣು. ಎಲ್ಲಕ್ಕಿಂತ ಮೇಲೆ ಸವಳು, ಅದನ್ನು ಹಾಕಿ ಬಡಿಯಬೇಕು. ನೀರು ಹರಿಯುವ ಕಡೆಗೆ ನಾಲ್ಕು ಬೆರಳು ಇಳಿಜಾರು.

ಬೇವಿನ ಸೊಪ್ಪು ಯಾಕೆ ಅಂದೆ. ಗೆದ್ದಲು ಮುಟ್ಟುವುದಿಲ್ಲ ಅಂದರು. ಸವಳು ಯಾವ ಹಳ್ಳದ ದಂಡೆಯಿಂದ ತರುತ್ತಿದ್ದಿರಿ ಅಂದೆ. ಬಾ, ತೋರಿಸುತ್ತೇನೆ ಅಂದರು. ಮುಂದಿನ ಶನಿವಾರ ಹೋಗುತ್ತಿದ್ದೇನೆ. ಅಣ್ಣನೂ ಬರುತ್ತೇನೆ ಅಂದಿದ್ದಾನೆ.